ಆತಕೂರಿನ ಶಾಸನದಲ್ಲಿ ನಾಯಿಯ ಪಾಪ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಿಲಾಶಾಸನವನ್ನು ರಾಜಕೀಯ ಇತಿಹಾಸದ ಅಭ್ಯಾಸಿಗಳು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ಉಳಿದವರು ಕಾಳಿಯೆಂಬ ಬೇಟೆನಾಯಿಗಾಗಿ. ಮೊದಲನೆಯ ಓದು ಎಚ್ಚರದಿಂದ ನಡೆದಿದೆ. ಎರಡನೆಯದಾದರೋ ಪೂರ್ವಿಕರ ಪ್ರಾಣಿದಯೆಯನ್ನು ಕೊಂಡಾಡುವುದರಲ್ಲಿಯೇ ಮುಗಿದುಹೋಗುತ್ತದೆ. ತರಗತಿಗಳಲ್ಲಿ ನಾವೂ ಹಾಗೆ ಹೇಳಿದವರೇ. ಈ ಹೊಗಳಿಕೆಗೆ ಶಾಸನದ ಆಧಾರವೆಷ್ಟೆಂಬುದನ್ನು ನೋಡಬೇಕಾಗಿದೆ.

ಚೋಳರೊಡನೆ ನಡೆದ ಆ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರನು, ಮೆಚ್ಚಿದ ಒಡೆಯನಾದ ಗಂಗ ಬೂತುಗನಲ್ಲಿ ಕಾಳಿಯನ್ನು ಬೇಡಿ ಪಡೆದನು. ಬೆಳತೂರಿನ ಪಡುವಣ ಬೆಟ್ಟದಲ್ಲಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದು ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು. ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ದತ್ತಿಯಾಯಿತು.

ಇಲ್ಲಿ ದಯೆಯೆಲ್ಲಿದೆ? ನಾಯಿಯನ್ನು ಸಾವಿನ ಬಾಯಿಗೆ ಬಿಟ್ಟವನೂ ಒಡೆಯನೇ. ಹಂದಿಯ ಬಗೆಗೆ ಮರುಕದ ಮಾತೊಂದೂ ಇಲ್ಲ. ಎದುರಾಳಿಯನ್ನು ಬಿಡದೆ ಕಾದಿ ಮಡಿದ ವೀರನಿಗೆ ಸಲ್ಲುತ್ತಿದ್ದ ಮರ್ಯಾದೆಯೇ ಕಾಳಿಗೂ ಸಂದಿತು; ಜೊತೆಗೆ ಅದು ಒಡೆಯನ ಕೈಯಿಂದ ಬಂದ ಮೆಚ್ಚುಗೊಡುಗೆ.

ಇದಕ್ಕಿಂತ ಕುತೂಹಲಕರವಾದುದು ಶಾಪದ ಭಾಗ. ದತ್ತಿಯನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು ಬೆದರಿಸುವುದು ನಮ್ಮ ಶಾಸನಗಳ ವಾಡಿಕೆ. ಆತಕೂರಿನಲ್ಲಾದರೋ ತಗಲುವುದು ಆ ನಾಯಿ ಮಾಡಿದ ಪಾಪ! ಪೂಜೆಗೊಳ್ಳುವ ನಾಯಿಗೆ ಪಾಪವೆಲ್ಲಿಂದ ಬಂದಿತು? ಅದು ಬೇಟೆಯಲ್ಲಿ ಮಾಡಿದ ಕೊಲೆಯಿರಬಹುದು. ನಾಯಿಯ ಜನ್ಮಕ್ಕೆ ಕಾರಣವಾದ ಹಿಂದಿನ ಕರ್ಮವೂ ಇರಬಹುದು. ‘ಮಾಡಿದ’ ಎಂಬ ಮಾತಿಗೆ ಮೊದಲನೆಯದೇ ಹತ್ತಿರವೆಂದು ನಮಗೆ ತೋರುತ್ತದೆ. ಹೇಗಾದರೂ, ಕಾಳಿಯ ಶೌರ್ಯಕ್ಕೆ ಕಲ್ಲು ನಿಲ್ಲಿಸಿದವರು ಅದರ ಪಾಪವನ್ನು ಅಳಿಸಲಿಲ್ಲ. ಅಳಿಸಬೇಕೆಂದು ಅವರಿಗೆ ತೋರಲೂ ಇಲ್ಲ. ಗೌರವವೂ ಅಂಜಿಕೆಯೂ ಒಂದೇ ಕಲ್ಲಿನಲ್ಲಿ ನಿಂತಿರುವುದು ನಮಗೆ ವಿರೋಧವಾಗಿ ಕಾಣುತ್ತದೆ, ಅವರಿಗಲ್ಲ.

ಆದರೂ ನಮ್ಮ ವಾದವು ಪೂರ್ತಿ ಒಗ್ಗದ ಒಂದು ಸಂಗತಿಯಿದೆ. ಏನನ್ನಾದರೂ ಬೇಡಬಹುದಾಗಿದ್ದಾಗ ಮಣಲೇರನು ಬೇಡಿದುದು ಊರನ್ನಲ್ಲ, ನಾಯಿಯನ್ನು. ಆತಕೂರು ಹನ್ನೆರಡು ಅವನಿಗೆ ಬೇರೆಯಾಗಿಯೇ ಬಂದಿತು. ಬರಿಯ ಪ್ರತಿಷ್ಠೆಯಿಂದ ಈ ಬೇಡಿಕೆಯನ್ನು ವಿವರಿಸಲಾಗದು. ಅವನಿಗೆ ಕಾಳಿಯಲ್ಲಿ ಅಕ್ಕರೆಯಿತ್ತೆಂದು ಒಪ್ಪಲೇಬೇಕು. ಆ ಅಕ್ಕರೆಯನ್ನು ಇಡೀ ಸಮಾಜದ ಪ್ರಾಣಿದಯೆಯಾಗಿ ಹಿಗ್ಗಿಸುವುದಕ್ಕೆ ಮಾತ್ರ ನಮ್ಮ ಆಕ್ಷೇಪಣೆ. ಊರವರು ತಾವಾಗಿ ಆ ಕಲ್ಲನ್ನು ಪೂಜಿಸಿಯಾರೆಂಬ ಭರವಸೆ ಶಾಸನ ಬರೆಯಿಸಿದವರಿಗೂ ಇದ್ದಂತಿಲ್ಲ. ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ಪಾಪ ಅವನಿಗೆಂದು ಬರೆದು, ಕಾಳಿಯ ನೆನಪನ್ನು ಅವನ ಊಟಕ್ಕೆ ಕಟ್ಟಿಹಾಕಿದ್ದಾರೆ.