ಸಿಪ್ಪೆಯ ಮಹಿಮೆ

ಬೆಣ್ಣೆಹಣ್ಣಿಗೆ ಸಕ್ಕರೆಯೋ ಉಪ್ಪೋ ಎಂಬ ಜಗಳವನ್ನು ಈ ವಾರ ಮುಗಿಸುತ್ತೇನೆ ಎಂದಿದ್ದೆ. ನನ್ನ ತೀರ್ಪು ಹಳೆಯದೇ: ಹಾಲು, ಸಕ್ಕರೆ, ಮಿಕ್ಸಿ. ದೊಡ್ಡಬಳ್ಳಾಪುರದ ಜ್ಯೂಸ್ ಅಂಗಡಿಯಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಬಟರ್ ಫ್ರೂಟ್ ಕುಡಿದು ಬೆಳೆದವನು ನಾನು. ಅದನ್ನೇ ಬ್ರೆಡ್ಡಿಗೆ ಸವರಿ, ಕಾಳುಮೆಣಸು ಉದುರಿಸಿ, ಅವಕಾಡೊ ಎಂದು ನಾಮಕರಣ ಮಾಡಿ ಕಾಸು ಕೀಳುವ ಕೆಫೆ ಪಂಥದವರಿಗೆ ದೂರದಿಂದಲೇ ನಮಸ್ಕಾರ.

ಈ ಹಣ್ಣು ಲೋಕ ಗೆದ್ದದ್ದು ರುಚಿಯಿಂದಲ್ಲ, ಸಿಪ್ಪೆಯಿಂದ. ಕ್ಯಾಲಿಫೋರ್ನಿಯಾದ ಅಂಚೆಯಣ್ಣ ರುಡಾಲ್ಫ್ ಹ್ಯಾಸ್ ಬೀಜ ಹಾಕಿ ಬೆಳೆಸಿದ ಸಸಿಯೊಂದಕ್ಕೆ ಕಸಿ ಹತ್ತಲೇ ಇಲ್ಲ. ಕಡಿಯಬೇಕೆಂದಿದ್ದ ಆ ಗಿಡದ ಹಣ್ಣು ಮಕ್ಕಳ ಬಾಯಿಗೆ ಹಿಡಿಸಿತು. 1935ರಲ್ಲಿ ಪೇಟೆಂಟ್ ಬಂತು, ದುಡ್ಡು ಬರಲಿಲ್ಲ. ಜನ ಒಂದು ಗಿಡ ಕೊಂಡು ತೋಟಕ್ಕೆಲ್ಲ ಕಸಿ ಕಟ್ಟಿಕೊಂಡರು. (ಈ ಬುದ್ಧಿ ನಮ್ಮೂರಿನದಷ್ಟೇ ಅಲ್ಲವೆಂಬುದು ಸಮಾಧಾನ.) ಹ್ಯಾಸ್ ತಳಿಯ ಸಿಪ್ಪೆ ದಪ್ಪ, ಮಾಗಿದಾಗ ಕಪ್ಪು, ದಾರಿಯಲ್ಲಿ ಬಿದ್ದ ಪೆಟ್ಟು ಹೊರಗೆ ಕಾಣದು. ಕಿತ್ತ ಮೇಲೆಯೇ ಮೆತ್ತಗಾಗುವ ಹಣ್ಣು ಬೇರೆ. ವ್ಯಾಪಾರಿಗೆ ಇನ್ನೇನು ಬೇಕು? 1914ರಲ್ಲಿ ಮೆಕ್ಸಿಕೊ ಹಣ್ಣಿಗೆ ಬಾಗಿಲು ಹಾಕಿದ್ದ ಅಮೆರಿಕ 1997ರಲ್ಲಿ ಅಗುಳಿ ತೆಗೆಯಿತು. ಆಮೇಲೆ ಹಿಡಿಯುವವರಿಲ್ಲ.

ನಮ್ಮ ಕೊಡಗಿನ ಕಾಫಿತೋಟದ್ದು ಹೆಚ್ಚಾಗಿ ಬೀಜದ ಮರ, ಮರಕ್ಕೊಂದು ರುಚಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಚೆಟ್ಟಳ್ಳಿ ಕೇಂದ್ರದಿಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳು ಬಂದಿವೆ. ಕೆಫೆಯವರು ಕೇಳುವುದು ಮಾತ್ರ ಹ್ಯಾಸ್.

ದಪ್ಪ ಸಿಪ್ಪೆಗೇ ಇಷ್ಟು ಮರ್ಯಾದೆಯಾದರೆ, ದೇವನಹಳ್ಳಿ ಚಕ್ಕೋತ ಯಾವ ಪಾಪ ಮಾಡಿತ್ತು? ಬೆರಳು ದಪ್ಪದ ಕವಚ, ವಾರಗಟ್ಟಲೆ ಇಟ್ಟರೂ ಕೆಡದು, ಜಿಐ ಗುರುತೂ ಇದೆ. 2008ರಿಂದ ವಿಮಾನ ನಿಲ್ದಾಣವಂತೂ ಮಗ್ಗುಲಲ್ಲೇ. ಆದರೂ ಹಣ್ಣು ವಿಮಾನ ಹತ್ತಲಿಲ್ಲ, ತೋಟಗಳು ಲೇಔಟ್ ಆದವು.

ಮೊನ್ನೆ ರಸ್ತೆಬದಿಯಲ್ಲಿ ಚಕ್ಕೋತ ಮಾರುತ್ತಿದ್ದ ಅಜ್ಜಿಯನ್ನೇ ಕೇಳಿದೆ. “ಸುಲಿಯಕ್ಕೆ ಯಾರ್ಗೆ ಪುರ್ಸೊತ್ತೈತೆ ಸ್ವಾಮಿ?” ಎಂದರು. ನಿಜ. ಬೆಣ್ಣೆಹಣ್ಣಿಗೆ ಒಂದು ಚಮಚ ಸಾಕು. ಚಕ್ಕೋತಕ್ಕೆ ಕವಚ ಬಿಡಿಸಬೇಕು, ಬಿಳಿ ದಿಂಡು ಕೀಳಬೇಕು, ತೊಳೆತೊಳೆಗೂ ಕಹಿ ಪೊರೆ ಎಳೆಯಬೇಕು, ಉಪ್ಪುಖಾರ ಹಚ್ಚಬೇಕು. ಎರಡು ಕೊಂಡುಬಂದೆ. ಒಂದನ್ನು ಸುಲಿಯುವಷ್ಟರಲ್ಲಿ ಸಂಪಾದಕರ ಫೋನು ಎರಡು ಸಲ ಬಂತು. ಕೈಯೆಲ್ಲ ರಸ, ಎತ್ತಲಿಲ್ಲ.