ಎರಡು ಕಂಠ, ಒಂದು ಮನೆ: ಮೆಕ್‌ಗ್ಯಾರಿಗಲ್ ಸೋದರಿಯರ ಫ್ರೆಂಚ್ ಹಾಡುಗಳು

ಪಾಶ್ಚಾತ್ಯ ಜನಪದ ಸಂಗೀತವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಇಂಗ್ಲಿಷ್ ಹಾಡುಗಳೇ. ಆದರೆ ಉತ್ತರ ಅಮೆರಿಕ ಖಂಡದಲ್ಲಿ ಇಂಗ್ಲಿಷಿನ ಮಹಾಸಮುದ್ರದ ನಡುವೆ ನಾಲ್ಕು ಶತಮಾನಗಳಿಂದ ಫ್ರೆಂಚ್ ಭಾಷೆಯನ್ನು ಆಡಿಕೊಂಡು, ಹಾಡಿಕೊಂಡು ಬಂದ ಒಂದು ದೊಡ್ಡ ಜನಸಮುದಾಯವಿದೆ. ಕೆನಡಾದ ಕ್ವಿಬೆಕ್ ಪ್ರಾಂತ ಅವರ ತವರು. ಆ ನೆಲದ ಹಾಡುಗಳನ್ನು ಹೊರಜಗತ್ತಿನ ರಸಿಕರ ಕಿವಿಗೆ ಮುಟ್ಟಿಸಿದವರಲ್ಲಿ ಕೇಟ್ ಮೆಕ್‌ಗ್ಯಾರಿಗಲ್ ಮತ್ತು ಆನಾ ಮೆಕ್‌ಗ್ಯಾರಿಗಲ್ ಎಂಬ ಸೋದರಿಯರು ಪ್ರಮುಖರು. ಅವರ ಗಾಯನದಲ್ಲಿ ನಾವು ಕಂಡ ಸ್ವಾರಸ್ಯವೇನು, ಅದರ ಗುಟ್ಟೇನು ಎಂಬುದನ್ನು ವಿಚಾರಿಸುವುದಷ್ಟೇ ಈ ಲೇಖನದ ಉದ್ದೇಶ.

ಆನಾ ಹುಟ್ಟಿದ್ದು 1944ರಲ್ಲಿ, ಕೇಟ್ 1946ರಲ್ಲಿ. ತಂದೆ ಐರಿಷ್ ಮೂಲದವರು, ತಾಯಿ ಫ್ರೆಂಚ್-ಕೆನಡಿಯನ್ ಮನೆತನದವರು. ಮಾಂಟ್ರಿಯಲ್ ನಗರದ ಉತ್ತರಕ್ಕಿರುವ ಲಾರೆನ್ಷಿಯನ್ ಬೆಟ್ಟಗಳ ನಡುವಿನ ಸ್ಯಾನ್ ಸೋವರ್ ಎಂಬ ಹಳ್ಳಿಯಲ್ಲಿ ಅವರು ಬೆಳೆದರು. ಹಳ್ಳಿಯ ಕ್ರೈಸ್ತ ಸನ್ಯಾಸಿನಿಯರಿಂದ ಪಿಯಾನೊ ಪಾಠವಾಯಿತು. ನಿಜವಾದ ಪಾಠ ಮಾತ್ರ ಮನೆಯಲ್ಲೇ, ಪಿಯಾನೊವಿನ ಸುತ್ತ ನೆರೆಯುತ್ತಿದ್ದ ಕುಟುಂಬದ ಹಾಡುಗಾರಿಕೆಯಲ್ಲಿ ನಡೆಯಿತು. ಮುಂದೆ ಕೇಟ್ ಇಂಜಿನಿಯರಿಂಗ್ ಓದಿದರು, ಆನಾ ಚಿತ್ರಕಲೆ ಕಲಿತರು. ವೃತ್ತಿ ಗಾಯಕಿಯರಾಗುವ ಹಂಬಲ ಇಬ್ಬರಿಗೂ ವಿಶೇಷವಾಗಿ ಇದ್ದಂತೆ ತೋರುವುದಿಲ್ಲ. ಆನಾ ಬರೆದ ಒಂದು ಇಂಗ್ಲಿಷ್ ಗೀತೆಯನ್ನು ಲಿಂಡಾ ರಾನ್‌ಸ್ಟಾಟ್ 1974ರಲ್ಲಿ ಹಾಡಿ ಪ್ರಸಿದ್ಧಗೊಳಿಸಿದ ಮೇಲೆ ಇವರಿಗೂ ಧ್ವನಿಮುದ್ರಣದ ಬಾಗಿಲು ತೆರೆಯಿತು.

ಇವರು ಹಾಡಿದ ಹಳೆಯ ಹಾಡುಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. 17ನೆಯ ಶತಮಾನದಲ್ಲಿ ನಾರ್ಮಂಡಿ, ಪ್ವಾತೂ ಮೊದಲಾದ ಪಶ್ಚಿಮ ಫ್ರಾನ್ಸಿನ ಸೀಮೆಗಳಿಂದ ಹಡಗು ಹತ್ತಿ ಬಂದ ರೈತರು, ಕಸುಬುದಾರರು ತಮ್ಮ ಹಾಡುಗಳನ್ನೂ ತಂದರು. 1763ರ ಒಪ್ಪಂದದಿಂದ ಆಳ್ವಿಕೆ ಬ್ರಿಟಿಷರ ಕೈಸೇರಿತು. ತಾಯ್ನಾಡಿನ ಸಂಪರ್ಕ ಕಡಿದಂತಾಯಿತು. ಮೂಲ ದೇಶದಲ್ಲಿ ಮರೆತುಹೋದ ಎಷ್ಟೋ ಹಾಡುಗಳು ಇಲ್ಲಿ ಉಳಿದುಕೊಂಡವು. ತುಪ್ಪಳದ ವ್ಯಾಪಾರಕ್ಕಾಗಿ ನದಿಗಳಲ್ಲಿ ತಿಂಗಳುಗಟ್ಟಲೆ ದೋಣಿ ಹುಟ್ಟುಹಾಕುತ್ತಿದ್ದವರು ಅವುಗಳ ಲಯಕ್ಕೆ ತೋಳು ಆಡಿಸಿದರು. ಒಬ್ಬ ಹಾಡಿದ ಸಾಲನ್ನು ಉಳಿದವರು ಮರುನುಡಿಯುವ ಕ್ರಮ ಅಲ್ಲಿ ಬಹಳ ಬಳಕೆಯಲ್ಲಿದೆ. ನಮ್ಮ ಸೋಬಾನೆಯ ಸೊಲ್ಲನ್ನು ಕೇಳಿ ಬೆಳೆದವರಿಗೆ ಇದರ ಸುಖವನ್ನು ವಿವರಿಸಬೇಕಾಗಿಲ್ಲ. 1865ರಲ್ಲಿಯೇ ಅರ್ನೆಸ್ಟ್ ಗಾನ್ಯೋ ಇಂತಹ ಹಾಡುಗಳ ಸಂಗ್ರಹವನ್ನು ಪ್ರಕಟಿಸಲು ತೊಡಗಿದರು. 20ನೆಯ ಶತಮಾನದಲ್ಲಿ ಮಾರಿಯಸ್ ಬಾರ್ಬೋ ಆ ಕಾರ್ಯವನ್ನು ಬಹುದೊಡ್ಡ ಪ್ರಮಾಣದಲ್ಲಿ ಮುಂದುವರಿಸಿದರು.

ಇಲ್ಲಿ ವಿಮರ್ಶಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಕ್ವಿಬೆಕ್‌ನ ಸಾಂಪ್ರದಾಯಿಕ ಗಾಯನ ಮೂಲತಃ ಏಕಸ್ವರದ್ದು. ಒಬ್ಬರು ಹಾಡುತ್ತಾರೆ, ಉಳಿದವರು ಅದೇ ಧಾಟಿಯನ್ನು ಒಕ್ಕೊರಲಿನಿಂದ ಹೇಳುತ್ತಾರೆ. ಮೆಕ್‌ಗ್ಯಾರಿಗಲ್ ಸೋದರಿಯರು ಹಾಡುವುದು ಹಾಗಲ್ಲ. ಒಬ್ಬರು ಧಾಟಿಯ ಷಡ್ಜದಲ್ಲಿ ನಿಂತಾಗ ಇನ್ನೊಬ್ಬರು ಗಾಂಧಾರದಲ್ಲಿ ನಿಲ್ಲುತ್ತಾರೆ. ಧಾಟಿ ಮೇಲೇರಿದರೆ ಜೊತೆಯ ದನಿಯೂ ಅಷ್ಟೇ ಅಂತರದಲ್ಲಿ ಏರುತ್ತದೆ. ಮಧ್ಯೆ ಒಮ್ಮೆ ಎರಡೂ ತೀರ ಸಮೀಪಕ್ಕೆ ಬಂದು, ಉಜ್ಜಿದಂತಾಗಿ, ಮತ್ತೆ ಬಿಡಿಸಿಕೊಳ್ಳುತ್ತವೆ. ಈ ಸ್ವರಮೇಳ ಹಳೆಯ ಹಾಡಿನೊಳಗೆ ಇದ್ದದ್ದಲ್ಲ, ಇವರು ತೊಡಿಸಿದ್ದು. ಮನೆಯ ಪಿಯಾನೊ ಹಾಡುಗಾರಿಕೆ ಮತ್ತು 1960ರ ದಶಕದ ಜನಪದ ಗೀತೆಗಳ ಪುನರುತ್ಥಾನ, ಎರಡರ ಪ್ರಭಾವವೂ ಅದರಲ್ಲಿದೆ. ಆದ್ದರಿಂದ ಇವರು ಪರಂಪರೆಯನ್ನು ಇದ್ದಂತೆಯೇ ಕಾಪಾಡಿದರೆಂಬ ಹೊಗಳಿಕೆ ಸಲ್ಲದು. ಅವರು ಅದನ್ನು ಬದಲಿಸಿದರು. ಬದಲಿಸಿದ ರೀತಿ ಎಂತಹುದೆಂದರೆ, ಕೇಳುವವನಿಗೆ ಇದು ಹೀಗೆಯೇ ಇದ್ದಿರಬೇಕು ಎನಿಸುತ್ತದೆ.

ಹಾಗೆನಿಸುವುದಕ್ಕೆ ಒಡಹುಟ್ಟುತನವೇ ಕಾರಣವೆಂದು ನಾವು ಭಾವಿಸುತ್ತೇವೆ. ಅಕ್ಕತಂಗಿಯರಲ್ಲಿ ಗಂಟಲಿನ, ಅಂಗುಳಿನ ಅಚ್ಚು ಒಂದನ್ನೊಂದು ಹೋಲುವುದು ಸಹಜ. ಅದಕ್ಕಿಂತ ಮುಖ್ಯವಾದುದು ಸ್ವರಾಕ್ಷರಗಳ ಉಚ್ಚಾರ. ಎರಡು ದನಿಗಳು ಕೂಡುವುದು ಸ್ವರಸ್ಥಾನದಲ್ಲಿ ಮಾತ್ರವಲ್ಲ, ಬಾಯಿ ತೆರೆಯುವ ಆಕಾರದಲ್ಲಿ. ಒಬ್ಬರ 'ಆ' ಅಗಲವಾಗಿ, ಇನ್ನೊಬ್ಬರ 'ಆ' ಕಿರಿದಾಗಿ ಇದ್ದರೆ ಶ್ರುತಿ ಎಷ್ಟೇ ಶುದ್ಧವಿದ್ದರೂ ಮೇಳ ಮಸುಕಾಗುತ್ತದೆ. ಕ್ವಿಬೆಕ್‌ನ ಫ್ರೆಂಚ್ ಪ್ಯಾರಿಸ್ಸಿನದಲ್ಲ. ಅದರ ಅನುನಾಸಿಕ ಬೇರೆ, ದೀರ್ಘಸ್ವರಗಳ ಎಳೆತ ಬೇರೆ, ಕೆಲವು ಸ್ವರಗಳ ಮುಂದೆ 'ತ'ಕಾರವೇ 'ತ್ಸ'ಕಾರವಾಗಿಬಿಡುತ್ತದೆ. ಒಂದೇ ಅಡುಗೆಮನೆಯಲ್ಲಿ ಕಲಿತ ಮಾತು ಇಬ್ಬರಲ್ಲಿಯೂ ಒಂದೇ ಕ್ಷಣದಲ್ಲಿ ಹೊರಳುತ್ತದೆ, ಒಂದೇ ಕಡೆ ಉಸಿರು ನಿಲ್ಲುತ್ತದೆ. ನಮ್ಮ ರುದ್ರಪಟ್ಟಣ ಸಹೋದರರ ಕಛೇರಿ ಕೇಳಿದವರಿಗೆ ಈ ಒಡಹುಟ್ಟಿದ ಉಸಿರಿನ ಅನುಭವ ಹೊಸದೇನಲ್ಲ. ಅಲ್ಲಿ ಅದು ಒಂದೇ ಸ್ವರದಲ್ಲಿ ಸೇರುತ್ತದೆ, ಇಲ್ಲಿ ಬೇರೆ ಬೇರೆ ಸ್ವರಗಳಲ್ಲಿ ಜೊತೆಯಾಗಿ ನಡೆಯುತ್ತದೆ.

1977ರಲ್ಲಿ ಬಂದ 'ಡ್ಯಾನ್ಸರ್ ವಿತ್ ಬ್ರೂಯ್ಸ್ಡ್ ನೀಸ್' ಎಂಬ ಧ್ವನಿಮುದ್ರಿಕೆಯಲ್ಲಿ ಎರಡು ಹಳೆಯ ಹಾಡುಗಳಿವೆ. 'ಪೆರೀನ್ ಎತೆ ಸರ್ವಾಂತ್' ಅವುಗಳಲ್ಲಿ ಒಂದು. ಪೆರೀನ್ ಪಾದ್ರಿಯ ಮನೆಯ ಕೆಲಸದಾಕೆ. ಪ್ರಿಯಕರ ಗುಟ್ಟಾಗಿ ಬರುತ್ತಾನೆ. ಯಜಮಾನನ ಭಯದಿಂದ ಆಕೆ ಅವನನ್ನು ಪೆಟ್ಟಿಗೆಯಲ್ಲಿ ಅಡಗಿಸಿ, ಮರೆತೇಬಿಡುತ್ತಾಳೆ. ವಾರಗಳು ಕಳೆದ ಮೇಲೆ ನೋಡಿದರೆ ಇಲಿಗಳು ತಮ್ಮ ಕೆಲಸ ಮುಗಿಸಿವೆ. ಉಳಿದ ಎಲುಬಿನಲ್ಲಿ ದೀಪಸ್ತಂಭವನ್ನೂ ತಲೆಬುರುಡೆಯಲ್ಲಿ ತೀರ್ಥದ ಪಾತ್ರೆಯನ್ನೂ ಮಾಡಿಸುತ್ತಾರೆ! ಇಷ್ಟು ಘೋರವಾದ ಕಥೆಗೆ ಕುಣಿಸುವ ಧಾಟಿ, ಸಾಲು ಸಾಲಿಗೂ ಅರ್ಥವಿಲ್ಲದ ಉಲ್ಲಾಸದ ಪಲ್ಲವಿ. ಸೋದರಿಯರು ಇದನ್ನು ನಗುತ್ತ ಹಾಡುವುದಿಲ್ಲ, ಮರುಗುತ್ತಲೂ ಹಾಡುವುದಿಲ್ಲ. ಬಟ್ಟೆ ಮಡಚುತ್ತ ಊರಿನ ಸುದ್ದಿ ಹೇಳುವ ಹೆಂಗಸರ ಗಾಂಭೀರ್ಯ ಅವರದು. ಹಾಸ್ಯ ಕೇಳುಗನಲ್ಲಿ ತಾನಾಗಿ ಹುಟ್ಟುತ್ತದೆ. ನಟನೆಯಿಂದ ಭಾವವನ್ನು ಒತ್ತಿಹೇಳುವ ನಮ್ಮ ಭಾವಗೀತೆ ಗಾಯಕರು ಕೆಲವರು ಈ ಸಂಯಮವನ್ನು ಗಮನಿಸಿದರೆ ಒಳ್ಳೆಯದು.

ಇನ್ನೊಂದು ಹಾಡು 'ಬ್ಲಾಂಶ್ ಕಮ್ ಲಾ ನೇಜ್', ಅಂದರೆ ಹಿಮದಂತೆ ಬಿಳುಪಾದವಳು. ಸೈನ್ಯಾಧಿಕಾರಿಯೊಬ್ಬ ತರುಣಿಯೊಬ್ಬಳನ್ನು ಒಯ್ಯುತ್ತಾನೆ. ಮಾನ ಕಾಪಾಡಿಕೊಳ್ಳಲು ಆಕೆ ಸತ್ತಂತೆ ನಟಿಸುತ್ತಾಳೆ. ಅವಳನ್ನು ತಂದೆಯ ತೋಟದಲ್ಲಿ ಹೂಳುತ್ತಾರೆ. ಮೂರು ದಿನಗಳ ನಂತರ ಅತ್ತ ಬಂದ ತಂದೆಯನ್ನು ಆಕೆ ಗೋರಿಯೊಳಗಿಂದ ಕೂಗುತ್ತಾಳೆ. ಪಾಠಾಂತರಗಳು ಹಲವಿರುವ ಈ ಕಥೆಯಲ್ಲಿ ಅಸಂಭವವಾದದ್ದು ಬಹಳವಿದೆ. ಆದರೆ ಎರಡು ದನಿಗಳು ಯಾವ ಅಲಂಕಾರವೂ ಇಲ್ಲದೆ, ಕಂಪನವಿಲ್ಲದೆ, ಜೊತೆಯಾಗಿ ಆ ಕೊನೆಯ ಕರೆಗೆ ಬರುವಾಗ ಸಂಭವ ಅಸಂಭವಗಳ ಪ್ರಶ್ನೆ ಏಳುವುದೇ ಇಲ್ಲ. ಏಕಾಂಗಿಯಾದ ಒಬ್ಬ ಹುಡುಗಿಯ ಮಾತನ್ನು ಇಬ್ಬರು ಹಾಡುವುದು ತರ್ಕಕ್ಕೆ ಒಪ್ಪದು. ಆದರೂ ನಮಗೆ ಕೇಳಿಸಿದ್ದು ಇದು: ಒಬ್ಬಳು ಗೋರಿಯೊಳಗಿದ್ದಾಳೆ, ಅವಳ ಸೋದರಿ ಹೊರಗೆ ನಿಂತಿದ್ದಾಳೆ. 2010ರ ಜನವರಿಯಲ್ಲಿ ಕೇಟ್ ತೀರಿಕೊಂಡರು. ಅನಂತರ ಈ ಹಾಡನ್ನು ಕೇಳುವುದು ಇನ್ನಷ್ಟು ಕಷ್ಟವಾಗಿದೆ.

ಹೊಸ ರಚನೆಗಳಲ್ಲಿ ಅಗ್ರಸ್ಥಾನ 1976ರ ಮೊದಲ ಮುದ್ರಿಕೆಯ 'ಕಂಪ್ಲಾಂತ್ ಪೂರ್ ಸ್ಯಾಂತ್ ಕಾತ್ರೀನ್' ಗೀತೆಗೆ ಸಲ್ಲುತ್ತದೆ. ಆನಾ ಮತ್ತು ಕವಿ ಫಿಲಿಪ್ ಟಾಟಾರ್ಚೆಫ್ ಕೂಡಿ ರಚಿಸಿದ್ದು. 'ಕಂಪ್ಲಾಂತ್' ಎಂದರೆ ಶೋಕಗೀತೆ. ಹಡಗು ಮುಳುಗಿದ, ಕೊಲೆಯಾದ ಕಥೆಗಳಿಗೆ ಮೀಸಲಾದ ಹಳೆಯ ಪ್ರಕಾರ. ಇಲ್ಲಿಯ ಶೋಕ ಮಾಂಟ್ರಿಯಲ್‌ನ ಅಂಗಡಿಬೀದಿಯಲ್ಲಿ ಚಳಿಗಾಲದಲ್ಲಿ ಅಲೆಯುವ ಹೆಂಗಸಿನದು. ಮೆಟ್ರೊ ನಿಲ್ದಾಣದ ಬಿಸುಪು ಅವಳ ಆಸರೆ. ರಾಜಕೀಯವನ್ನೂ ಸೊಳ್ಳೆಕಾಟವನ್ನೂ ಆಕೆ ಒಂದೇ ಉಸಿರಿನಲ್ಲಿ ತಳ್ಳಿಹಾಕುತ್ತಾಳೆ. ಲಯವೋ ಕುಣಿತದ್ದು. ಅದೇ ವರ್ಷದ ನವೆಂಬರಿನಲ್ಲಿ ಕ್ವಿಬೆಕ್‌ನ ಸ್ವಾತಂತ್ರ್ಯವನ್ನು ಬಯಸುವ ಪಕ್ಷ ಅಧಿಕಾರಕ್ಕೆ ಬಂತು; 1977ರಲ್ಲಿ ಫ್ರೆಂಚ್ ಭಾಷೆಯ ಶಾಸನವಾಯಿತು; 1980ರ ಮೇ ತಿಂಗಳ ಜನಮತಗಣನೆಯಲ್ಲಿ ಸುಮಾರು ಶೇಕಡಾ 60 ಮಂದಿ ಪ್ರತ್ಯೇಕತೆಯ ಮಾತುಕತೆಗೆ ಬೇಡವೆಂದರು. ಅದೇ 1980ರಲ್ಲಿ ಈ ಸೋದರಿಯರು ಪೂರ್ತಿ ಫ್ರೆಂಚಿನಲ್ಲಿ ಒಂದು ಮುದ್ರಿಕೆ ಹೊರತಂದರು. ಅದರಲ್ಲಿ ಘೋಷಣೆ ಒಂದೂ ಇಲ್ಲ. ಪ್ರೀತಿ, ವಯಸ್ಸು, ಬೀದಿಗಳ ಹೆಸರಿನ ಚಮತ್ಕಾರ ಇವೆ.

ಸಪ್ತಭಾಷೆಗಳ ಈ ಕಾಸರಗೋಡಿನ ನೆಲದಲ್ಲಿ ಕುಳಿತು ಕೇಳುವ ನಮಗೆ ಇದು ತಟ್ಟದೆ ಇರದು. ಭಾಷಾ ಶಾಸನ ಬೇಡವೆಂದು ನಾವು ಹೇಳುತ್ತಿಲ್ಲ. ಅದರ ಅಗತ್ಯ ಗಡಿಯವರಿಗಿಂತ ಹೆಚ್ಚಾಗಿ ಬಲ್ಲವರು ಯಾರು? ಆದರೆ ನಮ್ಮ ಸಭೆಗಳಲ್ಲಿ ಕನ್ನಡದ ಹಾಡು ಎದ್ದು ನಿಂತು, ಕೈ ಕಟ್ಟಿ ಹಾಡುವ ಹಾಡಾಗಿದೆ. ಕುಳಿತು, ಕಾಲು ಚಾಚಿ, ತಪ್ಪಿದರೆ ನಕ್ಕು ಹಾಡುವ ಹಾಡು ನಮ್ಮ ಮಕ್ಕಳ ಬಾಯಲ್ಲಿ ಯಾವ ಭಾಷೆಯದು? ಮೆಕ್‌ಗ್ಯಾರಿಗಲ್ ಮನೆಯಲ್ಲಿ ಇಂಗ್ಲಿಷೂ ಇತ್ತು, ಫ್ರೆಂಚೂ ಇತ್ತು, ಅಣಕವೂ ಇತ್ತು. ಫ್ರೆಂಚ್ ಅವರಿಗೆ ಹೊರೆಯಾಗಿರಲಿಲ್ಲ, ಆಟವಾಗಿತ್ತು.

ಅವರ ಎಲ್ಲ ಕೃತಿಗಳೂ ಒಂದೇ ಸಮನಲ್ಲ. 1990ರ 'ಹಾರ್ಟ್‌ಬೀಟ್ಸ್ ಆಕ್ಸಿಲರೇಟಿಂಗ್' ಮುದ್ರಿಕೆಯಲ್ಲಿ ವಿದ್ಯುನ್ಮಾನ ವಾದ್ಯಗಳ ಮಂಜು ಕವಿದು ದನಿಗಳ ಅಂಚು ಮಾಸಿದೆ. ಇಬ್ಬರ ನಡುವಿನ ಆ ಕಿರಿದಾದ ಅಂತರ ಕೇಳಿಸದಿದ್ದರೆ ಇವರ ಗಾಯನದಲ್ಲಿ ಉಳಿಯುವುದು ಕಡಿಮೆ. 1998ರ 'ದ ಮೆಕ್‌ಗ್ಯಾರಿಗಲ್ ಅವರ್' ಮತ್ತೆ ಮನೆಗೆ ಮರಳುತ್ತದೆ: ಹಿರಿಯ ಅಕ್ಕ ಜೇನ್, ಕೇಟ್ ಅವರ ಮಕ್ಕಳಾದ ರೂಫಸ್ ಮತ್ತು ಮಾರ್ಥಾ ವೇನ್‌ರೈಟ್, ಬಂಧುಗಳು, ಗೆಳೆಯರು. 2003ರ 'ಲಾ ವಾಶ್ ಕಿ ಪ್ಲರ್', ಅಂದರೆ 'ಅಳುವ ಹಸು', ಬಹುಪಾಲು ಫ್ರೆಂಚಿನದು. ಅಷ್ಟು ಹೊತ್ತಿಗೆ ದನಿಗಳು ಮಾಗಿದ್ದವು, ಸ್ವಲ್ಪ ಒರಟೂ ಆಗಿದ್ದವು. ಹೊಸದಾಗಿ ಕೇಳಬಯಸುವವರು 1977ರ ಮುದ್ರಿಕೆಯ ಆ ಎರಡು ಹಳೆಯ ಹಾಡುಗಳಿಂದ ತೊಡಗಿ, ಆಮೇಲೆ 1980ರದಕ್ಕೆ ಹೋಗುವುದು ಮೇಲು. ಮೊದಲ ಸಲ ಧಾಟಿಯನ್ನು ಹಿಂಬಾಲಿಸಿ. ಎರಡನೆಯ ಸಲ, ಜೊತೆಗೆ ನಡೆಯುವ ಇನ್ನೊಂದು ದನಿಯನ್ನು ಮಾತ್ರ.