ಆಶ್‌ವೆಲ್‌ನ ಗೋಡೆಯಲ್ಲಿ ‘ನಾವು’ ಇದೆಯೇ?

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಉತ್ತರದ ಅಂಚಿನಲ್ಲಿ ಆಶ್‌ವೆಲ್ ಎಂಬ ಹಳ್ಳಿಯಿದೆ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಗೋಪುರದೊಳಗೆ, ಉತ್ತರದ ಗೋಡೆಯ ಮೇಲೆ, ಯಾರೋ ಚೂಪಾದ ಮೊನೆಯಿಂದ ಗೀಚಿದ ಕೆಲವು ಲ್ಯಾಟಿನ್ ಸಾಲುಗಳಿವೆ. ಅವುಗಳ ಸಾರ ಇಷ್ಟು: 1350, ದಾರುಣವಾದ, ಕ್ರೂರವಾದ, ಉಗ್ರವಾದ ವರ್ಷ, ಸಾಕ್ಷಿಗೆ ಉಳಿದಿರುವುದು ಅತಿ ಕೀಳಾದ ಜನ, ಕೊನೆಗೆ ಬಿರುಗಾಳಿ, ಈ ವರ್ಷ, 1361ರಲ್ಲಿ, ಸಂತ ಮೌರಸ್ ಲೋಕದಲ್ಲಿ ಗುಡುಗುತ್ತಿದ್ದಾನೆ. 1348ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗು, 1361ರಲ್ಲಿ ಅದರ ಎರಡನೇ ಸುತ್ತು, ಅದರ ಬೆನ್ನಿಗೇ ಬಂದ ಗಾಳಿ, ಇವೆಲ್ಲ ಅಂಗೈಯಗಲದ ಜಾಗದಲ್ಲಿ ಅಡಗಿವೆ.

ನಾನು ಈ ಗೋಡೆಯನ್ನು ಕಣ್ಣಾರೆ ಕಂಡವಳಲ್ಲ. ಲ್ಯಾಂಗ್‌ಲಂಡ್‌ನ ‘ಪಿಯರ್ಸ್ ಪ್ಲೌಮನ್’ ಕಾವ್ಯದ ಮೇಲೆ ಸಂಶೋಧನೆ ಮಾಡುತ್ತಿರುವಾಗ ಒಂದು ಅಡಿಟಿಪ್ಪಣಿಯ ದಾರಿ ಹಿಡಿದು ಇದರ ಚಿತ್ರಗಳವರೆಗೆ ಬಂದೆ. ಆ ಕಾವ್ಯದಲ್ಲಿ ಶನಿವಾರ ಸಂಜೆ ಬೀಸಿದ ನೈಋತ್ಯದ ಗಾಳಿಯೊಂದರ ಪ್ರಸ್ತಾಪವಿದೆ. ವಿದ್ವಾಂಸರು ಅದನ್ನು 1362ರ ಜನವರಿ 15ರ ಗಾಳಿಯೆಂದು ಗುರುತಿಸುತ್ತಾರೆ. ಅದು ಸಂತ ಮೌರಸ್‌ನ ದಿನ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮೊದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಗೀಚಿದವನ ಲೆಕ್ಕದಲ್ಲಿ ಅದಿನ್ನೂ 1361. ಕಾವ್ಯದ ಗಾಳಿಯೂ ಗೋಡೆಯ ಗಾಳಿಯೂ ಒಂದೇ.

ವಿಭಾಗದ ಸೆಮಿನಾರಿಗೆಂದು ಈ ಸಾಲುಗಳನ್ನು ಕನ್ನಡಕ್ಕೆ ತಂದಾಗ ನಾನು ಬರೆದದ್ದು ಹೀಗೆ: ‘ಸಾಕ್ಷಿಗೆ ಉಳಿದವರು ನಾವು, ಕಡೆಯ ಜನ.’ ಸತ್ತವರ ನಡುವೆ ನಿಂತ ಹಳ್ಳಿಗನೊಬ್ಬನ ಕೂಗು ಅದೆಂದು ನಂಬಿದ್ದೆ. ಓದಿ ಮುಗಿಸಿದ ಮೇಲೆ ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: ‘ಮೂಲದಲ್ಲಿ ನಾವು ಎಲ್ಲಿದೆಯಮ್ಮಾ?’ ಇರಲಿಲ್ಲ. ಲ್ಯಾಟಿನ್ ಕ್ರಿಯಾಪದ ಪ್ರಥಮ ಪುರುಷದ್ದು, ಏಕವಚನದ್ದು. ‘ನಾವು’ ಎಂಬುದು ನಾನೇ ತುಂಬಿದ ಮಾತು.

ಆಮೇಲೆ ಸಾಲುಗಳನ್ನು ನಿಧಾನವಾಗಿ ನೋಡಿದೆ. 1350 ಎಂಬ ಇಸವಿಯನ್ನು ಗೀಚಿದವನು ನೇರವಾಗಿ ಹೇಳಿಲ್ಲ. ಸಾವಿರ, ಮೂರು ನೂರು, ಐದು ಹತ್ತು ಎಂದು ಒಗಟಿನಂತೆ ಕಟ್ಟಿದ್ದಾನೆ. ಆ ‘ಪೆಂಟಾ’ಕ್ಕೆ ಮುಂದಿನ ‘ವಯೊಲೆಂಟಾ’ ಪ್ರಾಸವಾಗಿ ಕೂತಿದೆ. ಮೌರಸ್ ಗುಡುಗುವ ಕಡೆಯ ತುಂಡು ಲ್ಯಾಟಿನ್ ಛಂದಸ್ಸಿನ ಅರ್ಧ ಸಾಲಿಗೆ ಸರಿಯಾಗಿ ಹೊಂದುತ್ತದೆ. ಇದು ಬರಿಯ ಬಿಕ್ಕಳಿಕೆಯಲ್ಲ, ಪದ್ಯ ಕಲಿತ ಕೈಯ ಕೆಲಸ. ಪಾದ್ರಿಯೋ, ಗುಮಾಸ್ತನೋ, ಶಾಲೆಯಲ್ಲಿ ಲ್ಯಾಟಿನ್ ಉರು ಹೊಡೆದವನೋ, ಅಂತೂ ಅಕ್ಷರಸ್ಥ. ಅಂಥವನು ಇತರರನ್ನು ‘ಪ್ಲೆಬ್ಸ್’, ಅಂದರೆ ಸಾಮಾನ್ಯ ಜನ ಎಂದು ಕರೆದು, ಅದಕ್ಕೆ ‘ಪೆಸ್ಸಿಮಾ’, ಅತಿ ಕೆಟ್ಟದ್ದು, ಎಂಬ ವಿಶೇಷಣ ಹಚ್ಚಿದಾಗ ಅದರಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದನೇ?

ಈ ಪ್ರಶ್ನೆ ವ್ಯಾಕರಣಕ್ಕಷ್ಟೇ ಸಂಬಂಧಿಸಿದ್ದಲ್ಲ. ಆಶ್‌ವೆಲ್ ಜಮೀನಿನ ಒಡೆತನ ಲಂಡನ್ನಿನ ಬಳಿಯ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯದು. ಹಳ್ಳಿಯವರು ಅದರ ಒಕ್ಕಲುಗಳು. ಪ್ಲೇಗಿನಲ್ಲಿ ಆಳುಗಳು ಸತ್ತು ಕಡಿಮೆಯಾದಾಗ ಉಳಿದವರು ಹೆಚ್ಚು ಕೂಲಿ ಕೇಳಿದರು. ಅದನ್ನು ತಡೆಯಲು 1349ರಲ್ಲಿ ರಾಜಾಜ್ಞೆ ಬಂತು, 1351ರಲ್ಲಿ ಕಾನೂನು ಬಂತು. ಕೂಲಿ ಪ್ಲೇಗಿನ ಹಿಂದಿನ ದರವನ್ನು ಮೀರಬಾರದು ಎಂಬುದೇ ಎರಡರ ತಿರುಳು. ಉಳಿದವರು ದುರಾಸೆಯವರು, ಸೊಕ್ಕಿನವರು ಎಂಬ ದೂರು ಆ ಕಾಲದ ಒಡೆಯರ ಬಾಯಲ್ಲಿ ಸದಾ ಇತ್ತು. ಹಾಗಿದ್ದಲ್ಲಿ ಗೋಡೆಯ ಮೇಲಿರುವುದು ಬದುಕುಳಿದವರ ಅಳಲಲ್ಲ, ಬದುಕುಳಿದವರ ಮೇಲಿನ ತಾತ್ಸಾರ. ಇನ್ನೊಂದು ಓದೂ ಸಾಧ್ಯ. ಪಿಡುಗು ಪಾಪದ ಫಲವೆಂದು ಲ್ಯಾಂಗ್‌ಲಂಡ್‌ನ ಕಾವ್ಯವೂ ಹೇಳುತ್ತದೆ. ಒಳ್ಳೆಯವರು ಹೋದರು, ಪಾಪಿಗಳು ಉಳಿದೆವು ಎಂಬ ಪಶ್ಚಾತ್ತಾಪವೂ ಇದಾಗಿರಬಹುದು.

ಲ್ಯಾಟಿನ್ ಈ ಅನುಮಾನವನ್ನು ಹಾಗೇ ಉಳಿಸಿಕೊಳ್ಳಬಲ್ಲದು. ಕನ್ನಡ ಬಿಡುವುದಿಲ್ಲ. ‘ಕೀಳು ಮಂದಿ ಉಳಿದಿದೆ’ ಎಂದರೆ ಜನ ದನದ ಹಿಂಡಾಗುತ್ತದೆ. ‘ಕಡೆಯ ಜನ ಉಳಿದಿದ್ದಾರೆ’ ಎಂದರೆ ಅವರು ಮನುಷ್ಯರಾಗುತ್ತಾರೆ. ‘ಉಳಿದಿದ್ದೇವೆ’ ಎಂದರೆ ಬರೆದವನೂ ಅವರ ನಡುವೆ ಬಂದು ನಿಲ್ಲುತ್ತಾನೆ. ಕ್ರಿಯಾಪದದ ಬಾಲದಲ್ಲೇ ನಾವು ಪಕ್ಷ ವಹಿಸಬೇಕಾಗುತ್ತದೆ.

ನಾನು ಪಕ್ಷ ಆರಿಸಿದ್ದು ಪದಗಳನ್ನು ಬಿಟ್ಟು ಕಟ್ಟಡವನ್ನು ನೋಡಿದ ಮೇಲೆ. ಆ ಗೋಪುರದ ಎತ್ತರ 176 ಅಡಿ. ಒಂದು ಹಳ್ಳಿಯ ಚರ್ಚಿಗೆ ಇದು ಸಣ್ಣ ಮಾತಲ್ಲ. ಕಟ್ಟಿದ್ದು 14ನೇ ಶತಮಾನದಲ್ಲಿ, ಕ್ಲಂಚ್ ಎಂಬ ಮೆತ್ತನೆಯ ಸುಣ್ಣದ ಕಲ್ಲಿನಿಂದ. ಮೊನೆಯಿಂದ ಗೀಚಿದರೆ ಅಕ್ಷರ ಮೂಡುವಷ್ಟು ಮೆದು ಕಲ್ಲು ಅದು. ಅದಕ್ಕೇ ಒಳಗಿನ ಗೋಡೆ, ಕಂಬಗಳ ತುಂಬ ಗೀಚುಬರಹ. ಮಧ್ಯಯುಗದ ಪ್ಯಾರಿಷ್ ಚರ್ಚುಗಳಲ್ಲಿ ವೇದಿಕೆಯಿರುವ ಪೂರ್ವಭಾಗದ ಹೊಣೆ ಪಾದ್ರಿಯದು, ಜನ ನಿಲ್ಲುವ ಪಡಸಾಲೆಯ ಹೊಣೆ ಊರವರದು. ಕಟ್ಟಡವನ್ನು ಎತ್ತಿ ನಿಲ್ಲಿಸಿದ್ದರಲ್ಲಿ, ಕಾಪಾಡಿದ್ದರಲ್ಲಿ ಆ ‘ಪ್ಲೆಬ್ಸ್’ನ ದುಡ್ಡಿದೆ, ಬೆವರಿದೆ. ಶೈಲಿಗಳ ಹೆಸರು ಹಿಡಿದು ಚರ್ಚುಗಳ ಚರಿತ್ರೆ ಬರೆಯುವವರು ಕಮಾನಿನ ಆಕಾರ ವಿವರಿಸುತ್ತಾರೆ, ಕಲ್ಲು ಹೊತ್ತವರ ಬಗ್ಗೆ ಮಾತಾಡುವುದು ಅಪರೂಪ.

ಅದೇ ಚರ್ಚಿನಲ್ಲಿ ಇನ್ನೊಂದು ಗೀಚುಬರಹವಿದೆ. ಮೂಲೆಗಳ ಜೋಡಣೆ ಸರಿಯಾಗಿಲ್ಲ, ಥೂ, ಎಂಬರ್ಥದ್ದು. ಅದೂ ಲ್ಯಾಟಿನ್ನಿನಲ್ಲೇ ಇದೆ. ಮತ್ತೊಬ್ಬ ಆರ್ಚ್‌ಡೀಕನ್‌ನನ್ನು ಕತ್ತೆ ಎಂದು ಬೈದಿದ್ದಾನೆ. ಗೋಪುರದ ಗೋಡೆಯಲ್ಲೇ, ಆ ಸಾಲುಗಳ ಕೆಳಗೆ, ದೊಡ್ಡ ಚರ್ಚೊಂದರ ಚಿತ್ರವಿದೆ; ಅದು 1666ರ ಬೆಂಕಿಗೆ ಮುನ್ನ ಲಂಡನ್ನಿನಲ್ಲಿದ್ದ ಹಳೆಯ ಸೇಂಟ್ ಪಾಲ್ಸ್ ಎಂದು ಹಲವರ ಮತ. ಈ ನೆರೆಹೊರೆಯಲ್ಲಿಟ್ಟು ಓದಿದರೆ ಪ್ಲೇಗಿನ ಸಾಲು ಒಂಟಿ ಶಾಸನವಲ್ಲ. ಬೈದವರು, ಕೆಲಸವನ್ನು ಅಳೆದು ನೋಡಿದವರು, ದೂರದ ಊರನ್ನು ನೆನೆದು ಬರೆದವರು, ಎಲ್ಲರೂ ಒಂದೇ ಕಲ್ಲನ್ನು ಹಂಚಿಕೊಂಡಿದ್ದಾರೆ.

ನನ್ನ ಅನುವಾದದಿಂದ ‘ನಾವು’ ಹೋಗಿದೆ. ಅದು ನನ್ನ ಕರುಣೆಯಾಗಿತ್ತು, ಬರೆದವನದ್ದಲ್ಲ. ಈಗ ಹೀಗಿದೆ: ‘ಸಾಕ್ಷಿಗೆ ಉಳಿದಿದ್ದಾರೆ, ಕಡೆಗಿಂತ ಕಡೆಯ ಜನ.’ ಬರೆದವನು ತಾತ್ಸಾರದಿಂದಲೇ ಬರೆದಿರಲಿ, ಸಾಕ್ಷಿ ಎಂಬ ಪದವನ್ನು ಅವನು ಬಳಸಿದ್ದಾನೆ. ಹಿಂಡು ಸಾಕ್ಷಿ ಹೇಳಲಾರದು. ಸಾಕ್ಷಿ ಹೇಳಲು ಮನುಷ್ಯರೇ ಬೇಕು. ‘ಉಳಿದಿದೆ’ ಬಿಟ್ಟು ‘ಉಳಿದಿದ್ದಾರೆ’ ಎಂದು ಬರೆಯಲು ನನಗೆ ಅಷ್ಟು ಆಧಾರ ಸಾಕಾಯಿತು.